ನಿಲ್ಲುವುದಕ್ಕೆ ಮೂರು ಕೊಟೇಶನ್

ಹೈದರಾಬಾದ್ ಶಹರವು ರಾಮದಾಸರಾವ್ ಕೆಂಭಾವಿಯವರನ್ನು ಹನ್ನೊಂದು ವರ್ಷಗಳಿಂದ ದೂಡುತ್ತ ಬಂದಿತ್ತು. ಸಿಟ್ಟಿನಿಂದ ಅಲ್ಲ, ಪಾಪ, ರೂಢಿಯಿಂದ. ಕೋಠಿಯ ಬಸ್‌ಸ್ಟ್ಯಾಂಡಿನಲ್ಲಿ ದೂಡಿತು, ರೇಷನ್ ಅಂಗಡಿಯಲ್ಲಿ ದೂಡಿತು. ಒಮ್ಮೆ ಅಫ್ಜಲ್‌ಗಂಜಿಗೆ ಹೊರಟಿದ್ದವರನ್ನು ಜನ ದೂಡಿ ಸಿಕಂದರಾಬಾದಿನ ಡಬಲ್ ಡೆಕರ್ ಬಸ್ಸಿಗೆ ತುಂಬಿಬಿಟ್ಟರು. "ನಾ ಇಳೀತೀನ್ರೀ" ಅಂದರೆ ಇಳಿಯಗೊಡಲಿಲ್ಲ. ಸಿಕಂದರಾಬಾದ್ ಮುಟ್ಟಿದ ಮೇಲೆ, ಬಂದದ್ದಂತೂ ಬಂದಾಯಿತು ಎಂದು ಸ್ಟೇಶನ್ ಹತ್ತಿರದ ಗಣಪತಿ ಗುಡಿಗೆ ಹೋಗಿ ಕೈಮುಗಿದರು. ಅಲ್ಲಿಯೂ ಸಾಲಿನಲ್ಲಿ ಯಾರೋ ದೂಡಿದರು.

ರಾಯರಿಗೆ ನಲವತ್ತೊಂದು ವಯಸ್ಸು. ಮೈಯಲ್ಲಿ ಮಾಂಸಕ್ಕಿಂತ ಮರ್ಯಾದೆ ಹೆಚ್ಚು. ಸರ್ಕಾರದ ಒಂದು ಕಚೇರಿಯಲ್ಲಿ ಸಾಮಾನು ಖರೀದಿಯ ಕಾರಕೂನರು. ಕಸಬರಿಗೆ ಬೇಕಾಗಲಿ, ಟೇಬಲ್ ಫ್ಯಾನು ಬೇಕಾಗಲಿ, ಮೂರು ಕಡೆಯಿಂದ ಕೊಟೇಶನ್ ಕರೆದು, ಸ್ಥಳಕ್ಕೆ ಹೋಗಿ ಪರಿಶೀಲಿಸಿ, ಮೂರನ್ನೂ ಪಕ್ಕಪಕ್ಕದ ಖಾನೆಗಳಲ್ಲಿ ಬರೆದು ತಖ್ತೆ ಮಾಡಿ ಸಾಹೇಬರ ಮುಂದೆ ಇಡುವುದು ಅವರ ಕೆಲಸ. ಆ ಪದ್ಧತಿ ರಕ್ತಕ್ಕೆ ಇಳಿದುಬಿಟ್ಟಿತ್ತು. ಮನೆಗೆ ಬದನೆಕಾಯಿ ತರಲು ಹೋದರೂ ಮೂರು ಗಾಡಿಗಳ ಮುಂದೆ ನಿಂತು ಬರೆದುಕೊಳ್ಳುವರು. ಬರೆದು ಮುಗಿಯುವುದರೊಳಗೆ ಬದನೆಕಾಯಿ ಮುಗಿದಿರುತ್ತಿದ್ದವು.

ಇಷ್ಟು ವರ್ಷ ದೂಡಿಸಿಕೊಂಡದ್ದರಿಂದ ರಾಯರಿಗೆ ಏನೂ ನೋವಾಗಿರಲಿಲ್ಲ. ನೋವಾದದ್ದು ಎಂಬತ್ತಾರನೆಯ ಇಸವಿಯ ಜನವರಿಯಲ್ಲಿ, ನುಮಾಯಿಶ್ ಎಂಬ ವಸ್ತುಪ್ರದರ್ಶನದ ಜಾತ್ರೆಯಂಥ ಗದ್ದಲದಲ್ಲಿ. ಹೆಂಡತಿ ನಲಿನಿ ಆ ದಿನ ಒಂದು ಡಜನ್ ಹಸಿರು ಗಾಜಿನ ಬಳೆ ಆರಿಸಿ ಅಲ್ಲಿಯೇ ತೊಟ್ಟುಕೊಂಡಿದ್ದಳು. ಹೊರಗೆ ಬರುವಾಗ ಗೇಟಿನ ಹತ್ತಿರ ಜನ ಒತ್ತರಿಸಿ ಬಂದರು. ರಾಯರು ಎರಡು ಹೆಜ್ಜೆ ಹಿಂದಕ್ಕೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರು. ನಲಿನಿ ನೋಡಿದಳು, ಸೆರಗು ಸಿಗಿಸಿದಳು, ಗಂಡನ ಮುಂದೆ ಬಂದು ಎರಡೂ ಮೊಣಕೈ ಚಾಚಿದಳು.

"ಹಟೋ ಭಾಯ್, ಹಟೋ! ನಮ್ಮನಿಯವರು ಬರ್ಲಿಕ್ಕತ್ತಾರ, ದಾರಿ ಬಿಡ್ರಿ!"

ಹಾಗೆ ಗೇಟಿನ ತನಕ ದಾರಿ ಮಾಡಿದಳು. ಹಿಂದೆ ರಾಯರು, ಕೈಯಲ್ಲಿ ದೊಡ್ಡದೊಂದು ಹಪ್ಪಳ ಹಿಡಿದುಕೊಂಡು, ಸುಖವಾಗಿ ಬಂದರು. ಹೊರಗೆ ಬಂದು ನೋಡಿದರೆ ಹನ್ನೆರಡರಲ್ಲಿ ಏಳು ಬಳೆ ಪುಡಿಯಾಗಿದ್ದವು, ಮುಂಗೈ ಗೀರಿತ್ತು.

"ಬಳಿ ಹೋದ್ರ ಹೋಗ್ಲಿ ಬಿಡ್ರಿ, ನಿಮಗೇನೂ ಆಗ್ಲಿಲ್ಲಲ್ಲ, ಅಷ್ಟ ಸಾಕು" ಅಂದಳು ನಲಿನಿ.

ಅವಳು ಬೈದಿದ್ದರೆ ರಾಯರು ಮಲಗಿ ಮರೆತುಬಿಡುತ್ತಿದ್ದರು. ಬೈಯಲಿಲ್ಲ ನೋಡಿ, ಅದು ಎದೆಗೆ ನಾಟಿತು. ಅವರ ಕೈಯ ಹಪ್ಪಳದ ಒಂದು ಚೂರೂ ಮುರಿದಿರಲಿಲ್ಲ.

ಮರುದಿನ ರಾಯರು ವಠಾರದ ನಲ್ಲಿಯ ಹತ್ತಿರ, ಪಕ್ಕದ ಮನೆಯ ಗುರುಸಿದ್ದಪ್ಪನ ಮುಂದೆ ತಮ್ಮ ನಿರ್ಧಾರ ಹೇಳಿದರು. ಗುರುಸಿದ್ದಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರ. ಹಾಗಾಗಿ ಕಾಚಿಗುಡದ ಆ ವಠಾರದಲ್ಲಿ ಯುದ್ಧದ ವಿಷಯ ಏನೇ ಇದ್ದರೂ ಅವನದೇ ಕೊನೆಯ ಮಾತು.

"ಕರಾಟೆ?" ಗುರುಸಿದ್ದಪ್ಪ ಕೊಡ ಕೆಳಗಿಟ್ಟ. "ಅಲ್ರೀ ರಾಯರ, ನಿಮಗ ಏನಾಗೇತಿ? ಎಲುಬು ಪುಡಿ ಪುಡಿ ಆಕ್ಕಾವ!"

"ಅದಕ್ಕ ಸಾಲಿ ಚಲೋದು ಆರಿಸ್ಬೇಕು, ಗುರುಸಿದ್ದಪ್ಪ."

"ಹೆಂಗ ಆರಸ್ತೀರಿ? ಈಗ ಗಲ್ಲಿಗೊಂದು ಬೋರ್ಡ್ ಎದ್ದೈತಿ. ಮೊನ್ನೆ ನಮ್ಮ ಇಸ್ತ್ರಿಯವನೂ ಕರಾಟೆ ಕಲಸಾಕ ಚಾಲೂ ಮಾಡ್ಯಾನ."

"ಅದಕ್ಕೊಂದು ಪದ್ಧತಿ ಅದ" ಎಂದರು ರಾಯರು, ಭಾಳ ಗಂಭೀರವಾಗಿ.

ಪದ್ಧತಿ ಯಾವುದೆಂದು ನಿಮಗೆ ಗೊತ್ತಾಗಿರಬೇಕು. ರಾಯರು ಮೂರು ಸಂಸ್ಥೆಗಳಿಗೆ ಪತ್ರ ಬರೆದರು. ಕಚೇರಿಯ ಒಂದು ಗುಂಡುಪಿನ್ನನ್ನೂ ಮನೆಗೆ ತಂದವರಲ್ಲ. ಸ್ವಂತ ಕಾಗದ, ಸ್ವಂತ ಅಂಚೆಚೀಟಿ. ಆದರೆ ಭಾಷೆ ಸ್ವಂತದ್ದು ಎಲ್ಲಿಂದ ತರಬೇಕು? ಹನ್ನೊಂದು ವರ್ಷ ಬರೆದದ್ದೇ ಕೈಗೆ ಬಂತು. ಶುದ್ಧ ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ ಆ ಪತ್ರದ ತಾತ್ಪರ್ಯ ಇಷ್ಟು: "ಸಮರಕಲೆಯ ತರಬೇತಿಗಾಗಿ ಒಂದು ಯೋಗ್ಯ ಸಂಸ್ಥೆಯನ್ನು ಆಯ್ಕೆ ಮಾಡುವ ವಿಷಯವು ಪರಿಶೀಲನೆಯಲ್ಲಿದೆ. ತಮ್ಮ ವಿವರಗಳನ್ನು ಮೂರು ಪ್ರತಿಗಳಲ್ಲಿ ಕಳಿಸತಕ್ಕದ್ದು. ಕೆಳಗೆ ಸಹಿ ಮಾಡಿದವರು ಸ್ಥಳ ತಪಾಸಣೆಗೆ ಬರುತ್ತಾರೆ. ಅಂತಿಮ ತೀರ್ಮಾನವನ್ನು ಎಲ್ಲರ ಸಮಕ್ಷಮದಲ್ಲಿ ಪ್ರಕಟಿಸಲಾಗುವುದು." ಕೆಳಗೆ ಸಹಿ, ಹೆಸರು, ರೂಢಿಯಂತೆ ಹುದ್ದೆ. ಯಾರಿಗಾಗಿ ತರಬೇತಿ ಎಂಬ ಒಂದು ಸಣ್ಣ ಸಂಗತಿ ಬಿಟ್ಟುಹೋಗಿತ್ತು. ಕಚೇರಿಯ ಪತ್ರಗಳಲ್ಲಿ ಯಾವಾಗಲೂ ಅದೇ ಬಿಟ್ಟುಹೋಗುವುದು.

ಮೊದಲನೆಯ ತಪಾಸಣೆ ಅಮೀರ್‌ಪೇಟಿನಲ್ಲಿ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಬಯಲಿನಲ್ಲಿ ಮಾಸ್ಟರ್ ಯಾದಗಿರಿಯ ಕರಾಟೆ ಶಾಲೆ. ರಾಯರು ಛತ್ರಿ ಮಡಿಸಿಕೊಂಡು ಒಳಗೆ ಕಾಲಿಟ್ಟರೆ ಬಿಳಿ ಬಟ್ಟೆಯ ನಲವತ್ತು ಮಂದಿ ಒಮ್ಮೆಲೇ ಸೊಂಟ ಬಾಗಿಸಿ ನಮಸ್ಕಾರ ಮಾಡಿದರು. ಕೊರಳಿಗೆ ಹೂವಿನ ಹಾರ ಬಿತ್ತು. ಕುರ್ಚಿ ಬಂತು, ಕುರ್ಚಿಯ ಮೇಲೆ ಟವೆಲ್ ಬಂತು. ರಾಯರ ಕಣ್ಣು ಒದ್ದೆಯಾದವು. ಎಂಥ ವಿದ್ಯೆ ಇದು! ಹೊಸದಾಗಿ ಕಲಿಯಲು ಬಂದವನಿಗೆ ಇಷ್ಟು ಮರ್ಯಾದೆ!

"ಸಾರ್, ಚೂಡಂಡಿ" ಎಂದು ನೋಡಲು ಹೇಳಿ ಯಾದಗಿರಿ ಐದು ಹೆಂಚು ಒಂದರ ಮೇಲೊಂದು ಇಟ್ಟು, ಹೂಂಕರಿಸಿ, ಅಂಗೈಯ ಅಂಚಿನಿಂದ ಹೊಡೆದ. ಐದೂ ಎರಡು ಹೋಳು.

ರಾಯರ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹೊಗಳಬೇಕೆಂದು ಬಾಯಿ ತೆರೆದರು, ಶಬ್ದ ಬರಲಿಲ್ಲ. ಕಣ್ಣು ಪಿಳುಕಿಸದೆ ಹೆಂಚನ್ನೇ ನೋಡುತ್ತ ಕುಳಿತರು. ಅದನ್ನು ನೋಡಿದ ಯಾದಗಿರಿಯ ಎದೆ ಧಸಕ್ಕೆಂದಿತು. ಭಾಳ ಕಟ್ಟುನಿಟ್ಟಿನ ಆಫೀಸರು, ಐದಕ್ಕೆ ಮಣಿಯುವ ಆಸಾಮಿ ಅಲ್ಲ! ಎಂಟು ಹೆಂಚು ಇಟ್ಟ, ಒಡೆದ. ರಾಯರು ಉಸಿರು ಬಿಡುವುದನ್ನು ಮರೆತರು. ಹತ್ತು ಇಟ್ಟ, ಒಡೆದ. ರಾಯರ ಮುಖ ಬಿಳುಪೇರಿತು. ಶಾಲೆಯ ಹೆಂಚು ಮುಗಿದವು. ಯಾದಗಿರಿ ಪಕ್ಕದ ಮನೆಯ ಮಾಡಿನ ಕಡೆ ಕಣ್ಣು ಹಾಯಿಸಿದ. ಶಿಷ್ಯರು ಏಣಿ ಹಾಕಿದರು. ಒಂಬತ್ತು ಹೆಂಚು ಬಂದವು, ಅವುಗಳ ಹಿಂದೆಯೇ "ಅಯ್ಯಯ್ಯೋ ನಾ ಇಲ್ಲು!" ಎಂದು ತನ್ನ ಮನೆಗಾಗಿ ಬಾಯಿಬಡಿದುಕೊಳ್ಳುತ್ತ ಯಜಮಾನಿ ಬಂದಳು. ಅವಳು ಬಂದದ್ದು ನೋಡಿ ರಾಯರು ಎದ್ದು ನಿಂತು ಕೈಮುಗಿದರು. ಅದನ್ನೇ ಮುಗಿಯಿತೆಂಬ ಸೂಚನೆ ಅಂದುಕೊಂಡು ನಲವತ್ತೂ ಮಂದಿ ಮತ್ತೆ ಬಾಗಿದರು.

ನೋಟ್‌ಬುಕ್ಕಿನಲ್ಲಿ ರಾಯರು ಬರೆದುಕೊಂಡರು: "ಪರಿಶೀಲಿಸಲಾಯಿತು. ಮಾತು ಹೊರಡಲಿಲ್ಲ."

ಎರಡನೆಯದು ಸುಲ್ತಾನ್ ಬಜಾರಿನಲ್ಲಿ, ಸೀರೆ ಅಂಗಡಿಯ ಮೇಲಿನ ಅಟ್ಟದಲ್ಲಿ. ಕುಂಗ್‌ಫೂ ಗುರು ಬಂಡೆಪ್ಪ ಬೀದರಿನ ಕಡೆಯವನು, ಹಳದಿ ರೇಷ್ಮೆಯ ಅಂಗಿ ತೊಟ್ಟಿದ್ದ. ಹಿಮಾಲಯದ ಗುಹೆಯಲ್ಲಿ ವಿದ್ಯೆ ಕಲಿತೆನೆಂದು ಹೇಳುತ್ತಿದ್ದ. ಯಾವ ಗುಹೆ ಎಂದು ಕೇಳಿದರೆ ಗುರುವಿನ ಆಣೆ ಐತಿ ಅನ್ನುತ್ತಿದ್ದ.

"ಸಾಹೇಬರು ನಮ್ಮ ಕನ್ನಡದವರು! ನನ್ನ ಪುಣ್ಯಾ!" ಎಂದು ಬಂಡೆಪ್ಪ ಬಾಗಿಲಲ್ಲೇ ಕಾಲು ಹಿಡಿದ. "ಒಂದು ಕಪ್ ಚಾ? ಬಾಳಿಹಣ್ಣು? ಮೊದಲು ಹಾರಿ ತೋರಸ್ತೀನಿ, ತಡೀರಿ."

ಹಾರಿದನೂ. ನಿಂತ ನಿಲುವಿನಲ್ಲೇ ಎದ್ದು, ಸೂರಿನಿಂದ ತೂಗಿಬಿಟ್ಟಿದ್ದ ಗಂಟೆಯನ್ನು ಹೆಬ್ಬೆರಳಿನಿಂದ ಬಾರಿಸಿ, ಬೆಕ್ಕಿನಂತೆ ಸದ್ದಿಲ್ಲದೆ ಇಳಿದ. ರಾಯರ ಕೈಯ ಬಾಳೆಹಣ್ಣು ಬಾಯಿಯ ಹತ್ತಿರ ಹೋಗಿ ಅಲ್ಲಿಯೇ ನಿಂತಿತು. ತಿನ್ನಲಿಲ್ಲ, ಇಳಿಸಲಿಲ್ಲ. ಬಂಡೆಪ್ಪ ಮತ್ತೆ ಹಾರಿದ, ಈ ಸಲ ತಿರುಗುತ್ತ. ಬಾಳೆಹಣ್ಣು ಅಲುಗಲಿಲ್ಲ. ಮೂರನೆಯ ಸಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗವಿಯೊಳಗಿನ ಹುಲಿಯಂತೆ ಕಿರುಚಿ ಹಾರಿದ. ಆ ಹೊಡೆತಕ್ಕೆ ಅಟ್ಟದ ಒಂದು ಹಲಗೆ ಕಳಚಿ, ಬಂಡೆಪ್ಪನ ಬಲಗಾಲು ಸೀರೆ ಅಂಗಡಿಯೊಳಗೆ ತೊಡೆಯ ತನಕ ಇಳಿಯಿತು. ಕೆಳಗೆ ಮದುವೆಯ ಜವಳಿ ಆರಿಸುತ್ತಿದ್ದ ಹೆಂಗಸರು ಒಮ್ಮೆಲೇ ಚೀರಿದರು.

"ಇದೂ ವಿದ್ಯಾದೊಳಗಿನದ ಏನ್ರೀ?" ರಾಯರು ಮೆಲ್ಲಗೆ ಕೇಳಿದರು.

"ಹೌದ್ರಿ ಸಾಹೇಬರ" ಎಂದ ಬಂಡೆಪ್ಪ, ಅರ್ಧ ನೆಲದ ಮೇಲೆ, ಅರ್ಧ ನೆಲದ ಕೆಳಗೆ. "ಇದಕ್ಕ ಪಾತಾಳ ಹೆಜ್ಜಿ ಅಂತಾರ್ರಿ."

ರಾಯರು ಭಕ್ತಿಯಿಂದ ಬರೆದುಕೊಂಡರು.

ಅಷ್ಟು ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಸರ್ಕಾರವು ಒಂದೇ ಒಂದು ಶಾಲೆಗೆ ಮಾನ್ಯತೆ ಕೊಡುತ್ತದಂತೆ, ಉಳಿದವಕ್ಕೆ ಬೀಗ ಹಾಕುತ್ತದಂತೆ. ಕೆಂಭಾವಿ ಎಂಬ ಒಬ್ಬ ಆಫೀಸರು ಬಂದಿದ್ದಾನೆ. ನಗುವುದಿಲ್ಲ, ಮಾತಾಡುವುದಿಲ್ಲ, ಬಾಳೆಹಣ್ಣು ಕೊಟ್ಟರೂ ತಿನ್ನುವುದಿಲ್ಲ.

ಮೂರನೆಯದು ಬೇಗಂ ಬಜಾರಿನ ಮಸಾಲೆ ಅಂಗಡಿಗಳ ಹಿಂದಿನ ತಾಲೀಮು. ಕೆಮ್ಮಣ್ಣಿನ ಕುಸ್ತಿಯ ಅಖಾಡ. ಉಸ್ತಾದ್ ಚಾಂದ್ ಪಾಶಾನಿಗೆ ಎಪ್ಪತ್ತು ದಾಟಿತ್ತು. ಹಾರ ಇಲ್ಲ, ಟವೆಲ್ ಇಲ್ಲ. ಅಜ್ಜನ ಮುಖ ಸಣ್ಣದಾಗಿತ್ತು. ಮೂರು ತಲೆಮಾರಿನ ತಾಲೀಮಿಗೆ ಬೀಗ ಬೀಳುತ್ತದೆಂದು ಕೇಳಿ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

"ಸಾಬ್, ಹಮಾರೆ ಪಾಸ್ ತೋಡ್ನೇ ಕು ಕುಛ್ ನೈ" ಎಂದ. ಒಡೆಯುವುದು ಗಿಡೆಯುವುದು ನಮ್ಮಲ್ಲಿಲ್ಲ ಎಂದು. ಮಣ್ಣಿನ ನಡುವೆ ಹೋಗಿ ನಿಂತ. "ಆವ್, ಧಕ್ಕಾ ದೇವ್."

ರಾಯರು ಬೆವರಿದರು. ಅವರು ಜನ್ಮದಲ್ಲಿ ಯಾರನ್ನೂ ದೂಡಿದವರಲ್ಲ. ಹೇಗೆ ದೂಡಬೇಕೆಂಬುದೂ ಗೊತ್ತಿರಲಿಲ್ಲ. "ಮಾಫ್ ಕರನಾ" ಎಂದು ಮೊದಲೇ ಕ್ಷಮೆ ಕೇಳಿ, ಎರಡು ಅಂಗೈ ಇಟ್ಟು ಒತ್ತಿದರು. ಅಜ್ಜ ಅಲುಗಲಿಲ್ಲ. ಛತ್ರಿ ಕೆಳಗಿಟ್ಟು ಒತ್ತಿದರು. ಭುಜ ಕೊಟ್ಟು ಒತ್ತಿದರು. ಕೊನೆಗೆ ದೂರದಿಂದ ಓಡಿಬಂದು ಒತ್ತಿ, ತಾವೇ ಹಿಂದಕ್ಕೆ ಹಾರಿ ಕೆಮ್ಮಣ್ಣಿನಲ್ಲಿ ಕುಳಿತರು. ಅಜ್ಜ ಅದೇ ಜಾಗದಲ್ಲಿ ನಿಂತು ಗಡ್ಡ ನೀವಿಕೊಳ್ಳುತ್ತಿದ್ದ.

ಮಣ್ಣಿನಲ್ಲಿ ಕುಳಿತ ರಾಯರಿಗೆ ಏಳುವ ಮನಸ್ಸೇ ಆಗಲಿಲ್ಲ. ದೂಡಿದರೂ ದೂಡಿಸಿಕೊಳ್ಳದ ಒಬ್ಬ ಮನುಷ್ಯನನ್ನು ಈ ಶಹರದಲ್ಲಿ ಅವರು ಮೊದಲ ಸಲ ನೋಡಿದ್ದರು. ಆ ದಿನದ ಪುಟದಲ್ಲಿ ಅವರು ಏನೂ ಬರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ನಿಯಮದ ಪ್ರಕಾರ ಎಲ್ಲರ ಸಮಕ್ಷಮ, ತೀರ್ಮಾನ ಪ್ರಕಟಣೆ. ಸ್ಥಳ ರಾಯರ ಮನೆಯ ಅಂಗಳ. ಮೂರು ಮಂದಿ ಬರುತ್ತಾರೆಂದು ನಲಿನಿ ಅವಲಕ್ಕಿ ಹಚ್ಚಿದ್ದಳು. ಬಂದವರು ನೂರು ಮಂದಿ. ಯಾದಗಿರಿ ಶಿಷ್ಯರನ್ನು ಸಾಲಾಗಿ ತಂದಿದ್ದ. ಬಂಡೆಪ್ಪ ಕುಂಟುತ್ತ, ಒಂದು ಬ್ಯಾಂಡಿನ ತಂಡದೊಡನೆ ಬಂದಿದ್ದ. ಉಸ್ತಾದ ಒಬ್ಬನೇ ರಿಕ್ಷಾದಲ್ಲಿ ಬಂದು ಮೂಲೆಯಲ್ಲಿ ನಿಂತ. ವಠಾರದ ಮಾಳಿಗೆಗಳ ಮೇಲೆಲ್ಲ ಜನ.

"ರಾಯರ," ಗುರುಸಿದ್ದಪ್ಪ ನಡುಗುವ ದನಿಯಲ್ಲಿ ಕೇಳಿದ, "ನೀವು ಖರೇನ ಯಾರು? ಹನ್ನೊಂದು ವರ್ಷ ನಿಮ್ಮ ಪಕ್ಕದಾಗ ಇದ್ದೀನಿ, ನಲ್ಲಿಗೆ ನಿಮ್ಮ ಕೊಡ ಹಿಂದ ಸರಿಸೀನಿ. ತಪ್ಪಾಗೇತಿ, ಹೊಟ್ಟಿಗೆ ಹಾಕ್ಕೋರಿ."

ರಾಯರಿಗೆ ಅರ್ಥವಾಗಲಿಲ್ಲ. ಗಂಟಲು ಸರಿಮಾಡಿಕೊಂಡು ತಖ್ತೆ ಓದಲು ಶುರು ಮಾಡಿದರು.

"ವಿಷಯ: ಸಮರಕಲೆಯ ತರಬೇತಿ. ತರಬೇತಿ ಪಡೆಯತಕ್ಕವರ ಸಂಖ್ಯೆ: ಒಂದು. ಹೆಸರು: ರಾಮದಾಸರಾವ್ ಕೆಂಭಾವಿ. ವಯಸ್ಸು: ನಲವತ್ತೊಂದು. ಪೂರ್ವಾನುಭವ: ಇಲ್ಲ."

ಬ್ಯಾಂಡಿನವನ ತುತ್ತೂರಿ ಅರ್ಧ ರಾಗದಲ್ಲಿ ನಿಂತಿತು.

"ಒಕ್ಕರಾ?" ಯಾದಗಿರಿ ಮುಂದೆ ಬಂದ. "ಮೀರೇನಾ ನೇರ್ಚುಕುನೇದಿ? ಮರಿ ಗೌರ್ನಮೆಂಟು?" ಕಲಿಯುವವರು ನೀವೊಬ್ಬರೇನಾ, ಮತ್ತೆ ಸರ್ಕಾರ ಎಲ್ಲಿ ಎಂದು.

"ಇವತ್ತು ಭಾನುವಾರ ಅಲ್ರೀ" ಎಂದರು ರಾಯರು, "ಗೌರ್ನಮೆಂಟಿಗೆ ರಜಾ."

ಮುಂದಿನ ಗಲಾಟೆ ನಾನೇನು ಹೇಳಲಿ! "ನಾ ಪೆಂಕುಲು! ಮೂವತ್ತೆರಡು!" ಎಂದು ಯಾದಗಿರಿ ಹೆಂಚಿನ ಲೆಕ್ಕ ಕೂಗಿದ. "ನನ್ನ ಕಾಲ್ರೀ! ಪಾತಾಳಕ್ಕ ಹೋಗಿ ಬಂದೈತಿ!" ಎಂದು ಬಂಡೆಪ್ಪ ಪಟ್ಟಿ ಕಟ್ಟಿದ ಕಾಲು ಎತ್ತಿ ತೋರಿಸಿದ. ಇಬ್ಬರೂ ಮುಷ್ಟಿ ಬಿಗಿದು ರಾಯರ ಕಡೆ ನುಗ್ಗಿ ಬಂದರು. ಅಷ್ಟರಲ್ಲಿ ಅವಲಕ್ಕಿಯ ಪಾತ್ರೆ ಕೆಳಗಿಟ್ಟು, ಸೆರಗು ಸಿಗಿಸಿ, ನಲಿನಿ ಗಂಡನ ಮುಂದೆ ಬಂದು ಮೊಣಕೈ ಚಾಚಿದಳು. ಕೈಯಲ್ಲಿ ಉಳಿದಿದ್ದ ಐದು ಹಸಿರು ಬಳೆ ಝಲ್ಲೆಂದವು.

ಆ ಸದ್ದು ಕೇಳಿದ್ದೇ ರಾಯರು ಹೆಂಡತಿಯ ರಟ್ಟೆ ಹಿಡಿದರು.

"ನಲಿನೀ, ಹಿಂದ ಬಾ."

ಅವಳು ತಿರುಗಿ ನೋಡಿದಳು. ರಾಯರು ಅವಳನ್ನು ದಾಟಿ ಮುಂದೆ ಬಂದರು.

"ತಪ್ಪು ನಂದು" ಎಂದರು. "ನಿಮಗ ಮೋಸ ಮಾಡಬೇಕಂತ ಅಲ್ಲ. ನನಗ ಹಂಗ ಬಿಟ್ಟು ಬ್ಯಾರೆ ಬರಿಯೋದು ಬರೂದಿಲ್ಲ. ನೀವು ಒಡದಾಗ, ಹಾರಿದಾಗ ನನ್ನ ಬಾಯಿ ಕಟ್ಟಿತು. ನಾ ದೇವರನ್ನ ನೋಡಿಧಂಗ ನೋಡ್ಕೋತ ಕೂತೆ. ಈ ಊರು ನನ್ನನ್ನ ಹನ್ನೊಂದು ವರ್ಷದಿಂದ ದೂಡ್ಲಿಕ್ಕತ್ತದ. ಇರ್ಲಿ. ಆದ್ರ ನುಮಾಯಿಶಿನ್ಯಾಗ ನನ್ನ ಹೆಂಡತಿ ನನಗ ದಾರಿ ಮಾಡಿ ಕೊಟ್ಟು ಏಳು ಬಳಿ ಒಡಕೊಂಡ್ಳು. ನನಗ ಹೆಂಚು ಒಡಿಯೋದು ಬ್ಯಾಡ್ರಿ, ಹಾರೋದು ಬ್ಯಾಡ್ರಿ. ನಿಂತ ಜಾಗದಾಗ ನಿಂದ್ರೋದು ಒಂದು ಕಲಸ್ರಿ, ಸಾಕು."

ನಲಿನಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೂಲೆಯಲ್ಲಿದ್ದ ಉಸ್ತಾದನಿಗೆ ಗುರುಸಿದ್ದಪ್ಪ ಎಲ್ಲವನ್ನೂ ಹಿಂದಿಯಲ್ಲಿ ತಿಳಿಸಿದ. ಬೀಗ ಬೀಳುವುದಿಲ್ಲ ಎಂಬುದು ತಲೆಗೆ ಹೋದದ್ದೇ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು, ಇಷ್ಟು ದಿನದ ಹಸಿವಿಗೆ ಒಂದು ತಟ್ಟೆ ಅವಲಕ್ಕಿ ಕೇಳಿ ತಿಂದ. ಆಮೇಲೆ ರಾಯರ ಹತ್ತಿರ ಬಂದು ಒಂದು ಬೆರಳಿನಿಂದ ಎದೆ ಮುಟ್ಟಿದ. ರಾಯರು ಗೋಡೆಯ ತನಕ ಹೋದರು.

"ಸಾಂಸ್ ನೀಚೆ" ಎಂದ ಉಸ್ತಾದ. ಉಸಿರು ಹೊಟ್ಟೆಯ ಬುಡಕ್ಕೆ ಇಳಿಸು ಎಂದು.

"ಉಸಿರು ಆಮೇಲೆ, ಮೊದಲು ಮೋಕಾಲು!" ಯಾದಗಿರಿಗೆ ತಡೆಯಲಾಗಲಿಲ್ಲ. ಸಿಟ್ಟು ಮರೆತು ಮಂಡಿಯೂರಿ, ರಾಯರ ಬಲಮೊಣಕಾಲನ್ನು ಎರಡೂ ಕೈಯಿಂದ ಬಗ್ಗಿಸಿದ.

"ಮೊಣಕಾಲು ತಗೊಂಡು ಏನು ಮಾಡ್ತಿಯೋ ಮಾರಾಯ? ಹಿಮ್ಮಡಿ ಊರಬೇಕು!" ಬಂಡೆಪ್ಪ ಕುಂಟುತ್ತ ಬಂದು ಎಡಗಾಲು ಹಿಡಿದ.

ಹೀಗೆ ನೂರು ಮಂದಿಯ ಕಣ್ಣೆದುರಿಗೆ ಮೂವರು ಗುರುಗಳು ಒಬ್ಬ ಕಾರಕೂನನನ್ನು ಹಂಚಿಕೊಂಡು ಜಗಳಾಡಿದರು. ಅರ್ಧ ತಾಸಿನ ಮೇಲೆ ಗುರುಸಿದ್ದಪ್ಪ ಬಂದು ದೂಡಿದಾಗ ರಾಯರು ಗೋಡೆಯ ತನಕ ಹೋಗಲಿಲ್ಲ, ಬಾಗಿಲ ತನಕ ಅಷ್ಟೇ ಹೋದರು. ಮಾಳಿಗೆಗಳ ಮೇಲಿನ ಜನ ಚಪ್ಪಾಳೆ ಹೊಡೆದರು. ರಾಯರು ತಖ್ತೆಯ ಕೊನೆಯ ಖಾನೆಯಲ್ಲಿ ಅಕ್ಷರ ಕೆಡದಂತೆ ಬರೆದರು: "ಮೂರೂ ಸಂಸ್ಥೆಗಳು ಸರಿಸಮಾನ. ಕೆಲಸವನ್ನು ಮೂವರಿಗೂ ಹಂಚಬಹುದು."

ಮೂರು ತಿಂಗಳು ಕಳೆದವು. ಮೆಹದಿಪಟ್ನಂನಲ್ಲಿ ನಲಿನಿಯ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಗಂಡಹೆಂಡತಿ ಕೋಠಿಯ ಬಸ್‌ಸ್ಟ್ಯಾಂಡಿಗೆ ಬಂದರು. ನಲಿನಿಯ ಕೈಯಲ್ಲಿ ಹೊಸದಾಗಿ ಒಂದು ಡಜನ್ ಹಸಿರು ಬಳೆ. ಬಸ್ಸು ಕಂಡದ್ದೇ ತಡ, ಜನ ಎದ್ದು ಬಿದ್ದು ನುಗ್ಗಿದರು. ನಲಿನಿಯ ಕೈ ತಾನಾಗಿ ಸೆರಗಿಗೆ ಹೋಯಿತು. ಆದರೆ ರಾಯರು ಆಗಲೇ ಅವಳ ಮುಂದೆ ಬಂದಾಗಿತ್ತು. ಬಲಮೊಣಕಾಲು ಅಮೀರ್‌ಪೇಟಿನಂತೆ ಬಗ್ಗಿತು, ಎಡಹಿಮ್ಮಡಿ ಸುಲ್ತಾನ್ ಬಜಾರಿನಂತೆ ಊರಿತು, ಉಸಿರು ಬೇಗಂ ಬಜಾರಿನಂತೆ ಹೊಟ್ಟೆಯ ಬುಡಕ್ಕೆ ಇಳಿಯಿತು.

ಮೊದಲು ಒಂದು ಮೊಣಕೈ ಬಂತು. ರಾಯರು ಅಲುಗಲಿಲ್ಲ. ಟ್ರಂಕು ಹೊತ್ತವನು ಬಂದ, ಟ್ರಂಕು ಹಿಂದಕ್ಕೆ ಹೋಯಿತು. ಒಂದು ಇಡೀ ಮದುವೆಯ ದಿಬ್ಬಣ ಬಂದು ಬಡಿದು, ಲೈಟಿನ ಕಂಬವನ್ನು ಸುತ್ತುವಂತೆ ಅವರನ್ನು ಸುತ್ತಿಕೊಂಡು ಎರಡು ಪಾಲಾಗಿ ಹೋಯಿತು. "ಎವರಯ್ಯಾ ಇತನು!" ಯಾರಪ್ಪಾ ಇವನು ಎಂದು ಯಾರೋ ಬೆರಗಿನಿಂದ ಅಂದರು. ರಾಯರ ಬೆನ್ನ ಹಿಂದೆ ಎರಡು ಮೊಳ ಜಾಗದಲ್ಲಿ ಗಾಳಿ ಆಡುತ್ತಿತ್ತು. ಅಲ್ಲಿ ನಲಿನಿ ತಲೆಯ ಹೂವು ಸಹ ಬಾಡದಂತೆ ನಿಂತಿದ್ದಳು. ಆ ಬೆನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ್ದರೂ ಆ ಬೆನ್ನನ್ನು ಜನರ ನಡುವೆ ಅವಳು ನೋಡಿಯೇ ಇರಲಿಲ್ಲ.

ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ತುಂಬಿಕೊಂಡು, ವಾಲುತ್ತ ಹೋಯಿತು. ಸ್ಟ್ಯಾಂಡಿನಲ್ಲಿ ಉಳಿದವರು ಇಬ್ಬರೇ.

"ಬಸ್ ಹೋತ್ರೀ" ಎಂದಳು ನಲಿನಿ.

"ಹೋಗ್ಲಿ" ಎಂದರು ರಾಯರು, ಮೊಣಕಾಲು ನೆಟ್ಟಗೆ ಮಾಡದೆಯೇ. "ನೋಡಿದೇನು?"

"ನೋಡಿದೆ." ಅವಳು ಎರಡೂ ಕೈ ಮುಂದೆ ಚಾಚಿ ಮೆಲ್ಲಗೆ ಅಲುಗಾಡಿಸಿದಳು. ಬಳೆ ಹನ್ನೆರಡೂ ಇದ್ದವು. ರಾಯರು ಒಂದೊಂದನ್ನೂ ಬೆರಳಿಟ್ಟು ಎಣಿಸಿದರು. ಎಣಿಸಿ ಮುಗಿದ ಮೇಲೆ ಮತ್ತೊಮ್ಮೆ ಎಣಿಸಿದರು.

ಅಷ್ಟರಲ್ಲಿ ಮತ್ತೆ ಜನ ಕೂಡಿದರು, ಎರಡನೆಯ ಬಸ್ಸು ಬಂತು. ರಾಯರು ಮತ್ತೆ ನಿಂತರು, ಅದ್ಭುತವಾಗಿ ನಿಂತರು. ಅದೂ ಹೋಯಿತು. ಮೂರನೆಯದೂ ಹೋಯಿತು.

"ಅಲ್ರೀ" ಎಂದಳು ನಲಿನಿ, ನಗು ತಡೆದುಕೊಳ್ಳುತ್ತ, "ನಿಂದ್ರೋದು ಮೂರು ಕಡೆ ಕಲತ್ರಿ. ಇನ್ನ ಹತ್ತೋದು ಯಾರ ಕಡೆ ಕಲೀತೀರಿ?"

ರಾಯರು, ನಿಂತ ನಿಲುವು ಕೆಡದಂತೆ, ಜೇಬಿನಿಂದ ನೋಟ್‌ಬುಕ್ಕು ತೆಗೆದು ಮೂರು ಖಾನೆ ಎಳೆದರು.